ಗೌರವ್ವನ ಚಿಟಿಕೆ ಅರಿಶಿನ

ಕುರಿಗಳನ್ನು ಕೊಲ್ಲುವ, ಮನುಷ್ಯರಿಗೂ ಅಂಟುವ ರೋಗಾಣು ನಾಳೆ ಆ ಪ್ರಯೋಗಾಲಯಕ್ಕೆ ಬರುವುದಿತ್ತು. ಇವತ್ತು ಖಾಲಿ ಟ್ಯೂಬುಗಳಲ್ಲಿ ಕೊನೆಯ ತಾಲೀಮು.

ನಿರ್ದೇಶಕ ಡಾಕ್ಟರ್ ಪದ್ಮರಾಜಯ್ಯ ಬೆಳಿಗ್ಗೆಯೇ ಕಾಗದ ಹಿಡಿದು ಬಂದರು. 'ಇಲ್ಲಿ ಯಾವ ಅಪಾಯವೂ ಇಲ್ಲ' ಎಂದು ಬರೆದಿತ್ತು. ಎಲ್ಲರೂ ಸಹಿ ಹಾಕಿದರು. ನೆಲ ಒರೆಸುವ ಗೌರವ್ವ ಮಾತ್ರ ಹಾಕಲಿಲ್ಲ.

"ಮೂವತ್ತು ವರ್ಷದ ಅನುಭವ ನಂದು. ನಿನಗೇನಮ್ಮ ಅನುಮಾನ?" ಎಂದು ಗುಡುಗಿದರು.

"ತಾಲೀಮು ಮುಗೀಲಿ ಸಾರ್, ಹಾಕ್ತೀನಿ."

ಅವರು ಅತ್ತ ಹೋದದ್ದೇ ತಡ, ಗೌರವ್ವ ಖಾಲಿ ಟ್ಯೂಬುಗಳ ಹೊರಮೈಗೆ ಚಿಟಿಕೆ ಅರಿಶಿನವನ್ನು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸವರಿದಳು.

ನಿರ್ದೇಶಕರೇ ಗ್ಲೌಸು ತೊಟ್ಟು ಟ್ಯೂಬು ಎತ್ತಿ ತೋರಿಸಿದರು. ನಡುವೆ ಫೋನು ಬಂತು. ಗ್ಲೌಸಿನ ಕೈಯಲ್ಲೇ ತೆಗೆದುಕೊಂಡರು. ಆಮೇಲೆ ಗ್ಲೌಸು ಬಿಚ್ಚಿ, ಬರಿಗೈಲಿ ಅದೇ ಫೋನು ಹಿಡಿದು, ಮೀಸೆ ತೀಡುತ್ತಾ ಕಾಫಿಗೆ ಹೊರಟರು.

ಎಲ್ಲರೂ ಕಾಫಿ ಕುಡಿದ ಮೇಲೆ ಗೌರವ್ವ ಸೋಪಿನ ನೀರು ತಂದು ಒರೆಸತೊಡಗಿದಳು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುವುದು ಬಟ್ಟೆ ಒಗೆಯುವವರಿಗೆಲ್ಲ ಗೊತ್ತು. ಮೇಜು ಕೆಂಪಾಯಿತು. ಫೋನು ಕೆಂಪಾಯಿತು. ಬಾಗಿಲ ಹಿಡಿ, ಲಿಫ್ಟಿನ ಗುಂಡಿ, ಕೊನೆಗೆ ಕಾಫಿ ಲೋಟ. ಕಣ್ಣಿಗೆ ಕಾಣದೆ ನಡೆದುಹೋದ ಯಾವುದೋ ಜೀವದ ಹೆಜ್ಜೆಗಳು ಒಂದೊಂದಾಗಿ ಎದ್ದು ಬಂದಂತಿತ್ತು.

ಬೆವೆತುಹೋದ ನಿರ್ದೇಶಕರು ಸೋಪು ಹಚ್ಚಿ ಮುಖ ತೊಳೆದುಕೊಂಡು, ಮೆಲ್ಲಗೆ ಕೇಳಿದರು: "ಎಲ್ಲಿವರೆಗೆ ಹೋಗಿದೆ ಗೌರವ್ವ ಇದು?"

ಅವಳು ಗೋಡೆಯ ಕನ್ನಡಿ ತೋರಿಸಿದಳು. ಅವರ ಬಿಳಿ ಮೀಸೆ ಕೆಂಪಗಾಗಿತ್ತು.

"ಈಗ ಸಹಿ ಹಾಕಲಾ ಸಾರ್?"