ಏಳದ ಕೈ

"ಮೇಷ್ಟ್ರೇ, ಓಟ ಅಳೆಯುವುದಕ್ಕೆ ಗಡಿಯಾರವಿದೆ, ತೋಳಿನ ಬಲ ಅಳೆಯುವುದಕ್ಕೆ ಭಾರವಿದೆ. ಮನಸ್ಸು ಆಟಕ್ಕೆ ಸಿದ್ಧವಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?"

ಕೇಳಿದವಳು ನಿರುಪಮಾ. ಮೊಣಕಾಲಿನ ಚಿಕಿತ್ಸೆ ಮುಗಿಸಿ ಕ್ರಿಕೆಟ್ ತಂಡಕ್ಕೆ ಮರಳಿದ್ದ ಅವಳು ಆ ದಿನ ಬೆಳಿಗ್ಗೆ ನಡೆದ ಫಿಟ್‌ನೆಸ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಓಡಿದ್ದಳು. ಕೋಚ್ ಹಾಲೇಶಪ್ಪನವರನ್ನು ಆಟಗಾರರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಬೆಂಚಿನ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೇಗದ ಬೌಲರ್ ಇದ್ದ. ಒಂದು ಪಂದ್ಯದಲ್ಲಿ ಅವನ ಚೆಂಡು ಪುಟಿದು ಎದುರು ತಂಡದ ಬ್ಯಾಟ್ಸ್‌ಮನ್‌ನ ಹೆಲ್ಮೆಟ್ಟಿನ ಸಂದಿಗೆ ನುಗ್ಗಿತು. ಕೆನ್ನೆಯ ಮೂಳೆ ಮುರಿಯಿತು. ಬ್ಯಾಟ್ಸ್‌ಮನ್ ನಿಂತಲ್ಲೇ ಕುಸಿದ. ಬೌಲರ್ ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಆಟದಲ್ಲಿ ಹೀಗೆಲ್ಲ ಆಗುತ್ತದೆ, ನಿನ್ನ ತಪ್ಪೇನೂ ಇಲ್ಲ ಎಂದು ಎಲ್ಲರೂ ಹೇಳಿದರು. ಅದು ನಿಜವೂ ಆಗಿತ್ತು.

ಅದಾದ ಮೇಲೆ ಬೌಲರ್‌ನ ಚೆಂಡಿಗೆ ವೇಗ ಬರಲಿಲ್ಲ. ಅವನು ಓಡಿ ಬರುವುದೆಲ್ಲ ಮೊದಲಿನ ಹಾಗೆಯೇ ಇತ್ತು. ಚೆಂಡು ಬಿಡುವ ಗಳಿಗೆಯಲ್ಲಿ ಮಾತ್ರ ಯಾರೋ ಹಿಂದಿನಿಂದ ಕೈ ಹಿಡಿದಂತಾಗುತ್ತಿತ್ತು. ಭುಜದಲ್ಲಿ ನೋವಿದೆ ಎಂದು ಅವನು ಹೇಳಿಕೊಂಡ. ತಂಡದವರು ಪರೀಕ್ಷೆಗೆ ಕಳುಹಿಸಿದರು. ಡಾಕ್ಟರು ಭುಜ ತಿರುಗಿಸಿ ನೋಡಿದರು. ಟ್ರೇನರ್ ಓಡಿಸಿ ನೋಡಿದ, ಭಾರ ಎತ್ತಿಸಿ ನೋಡಿದ. ಎಲ್ಲದರಲ್ಲೂ ಅವನು ಪಾಸಾದ. "ನಿನಗೇನೂ ಆಗಿಲ್ಲಪ್ಪ, ಖುಷಿಪಡು" ಎಂದರು ಡಾಕ್ಟರು. ಅವನಿಗೆ ಖುಷಿಯಾಗಲಿಲ್ಲ. ಎಲ್ಲಾದರೂ ಒಂದು ಎಲುಬು ಬಿರುಕು ಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು. ಪ್ಲಾಸ್ಟರ್ ಹಾಕಿದ ಕೈಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಗಾಯಗೊಂಡವನನ್ನು ನೋಡಲು ಅವನು ಆಸ್ಪತ್ರೆಗೆ ಹೋಗಿರಲಿಲ್ಲ. ಹೊರಡುತ್ತಿದ್ದ, ಅರ್ಧ ದಾರಿಯಿಂದ ವಾಪಸ್ ಬರುತ್ತಿದ್ದ. ಕೊನೆಗೆ ತಂಡದಿಂದ ಅವನ ಹೆಸರೂ ಹೋಯಿತು. ಇನ್ನು ಕಳೆದುಕೊಳ್ಳುವುದೇನಿದೆ ಎಂದು ಒಂದು ದಿನ ಮೋಸಂಬಿ ಕೊಂಡು ಬ್ಯಾಟ್ಸ್‌ಮನ್‌ನ ಮನೆಗೇ ಹೋದ.

ಬ್ಯಾಟ್ಸ್‌ಮನ್ ಬಾಗಿಲು ತೆರೆದ. ಕೆನ್ನೆಯ ಮೇಲೆ ಗಾಯದ ಗೆರೆಯಿತ್ತು. ಬೌಲರ್ ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಕೈಚೀಲ ನೋಡಿ ನಕ್ಕ.

"ಬಂದವರೆಲ್ಲ ಹಣ್ಣು ತಂದರು ಮಾರಾಯಾ. ನೀನಾದರೂ ಚೆಂಡು ತರುತ್ತೀ ಅಂದುಕೊಂಡಿದ್ದೆ."

ಅವನು ಹೇಳಿದ್ದು ಇಷ್ಟು. ಮೂಳೆ ಕೂಡಿದೆ. ದೃಷ್ಟಿ ಸರಿಯಿದೆ. ಆಯ್ಕೆಗಾರರು ಅವನನ್ನು ಮತ್ತೆ ತಂಡಕ್ಕೆ ತೆಗೆದುಕೊಂಡಿದ್ದಾರೆ. ಆದರೆ ಅಭ್ಯಾಸದ ನೆಟ್ಸ್‌ನಲ್ಲಿ ಗೆಳೆಯರು ಮೆಲ್ಲಗೆ ಚೆಂಡು ಹಾಕುತ್ತಾರೆ, ಅವನು ಹೊಡೆಯುತ್ತಾನೆ, ಅವರು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯನ್ನು ಅವನಿಗೆ ನಂಬಲಾಗುತ್ತಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೇ ನೆಟ್ಸ್‌ಗೆ ಹೋದರು. ಬೌಲರ್ ಓಡಿ ಬಂದು ಚೆಂಡು ಹಾಕಿದ. ಅದು ನಿಧಾನವಾಗಿ ಹೋಯಿತು. ಇನ್ನೊಂದು ಹಾಕಿದ. ಅದೂ ಹಾಗೆಯೇ ಹೋಯಿತು. ಬ್ಯಾಟ್ಸ್‌ಮನ್ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಸಿಟ್ಟಿನಿಂದ ಅವನತ್ತ ನಡೆದು ಬಂದ.

"ನೀನೂ ಅವರ ಹಾಗೇ ಆಡಿಸುವುದಾದರೆ ಮನೆಗೆ ಹೋಗು."

ಬೌಲರ್ ನೆಲ ನೋಡುತ್ತ ನಿಂತ. ಡಾಕ್ಟರಿಗೆ ಹೇಳದಿದ್ದನ್ನು, ಹೆಂಡತಿಗೂ ಹೇಳದಿದ್ದನ್ನು ಆಗ ಹೇಳಿದ.

"ಬೇಕೆಂದು ಮಾಡುತ್ತಿಲ್ಲ. ನೀನು ಬಿದ್ದ ದಿನದಿಂದ ನನ್ನ ಕೈ ಏಳುತ್ತಿಲ್ಲ. ಭುಜಕ್ಕೇನೂ ಆಗಿಲ್ಲ. ನನಗೆ ಹೆದರಿಕೆ."

ಬ್ಯಾಟ್ಸ್‌ಮನ್‌ನ ಸಿಟ್ಟು ಇಳಿಯಿತು.  ಹೆಲ್ಮೆಟ್ ಸರಿಮಾಡಿಕೊಂಡು ತನ್ನ ಜಾಗಕ್ಕೆ ಹೊರಟ. ಹೋಗುತ್ತಾ ಹೇಳಿದ. "ನನಗೂ ಇದೆ. ಆದರೂ ನಿಲ್ಲುತ್ತೇನೆ. ನೀನು ಹಾಕು."

ಬೌಲರ್ ಓಡಿ ಬಂದ. ಈ ಸಲ ಅವನ ಕೈಯನ್ನು ಯಾರೂ ಹಿಡಿಯಲಿಲ್ಲ. ಚೆಂಡು ಪುಟಿದು ಬ್ಯಾಟ್ಸ್‌ಮನ್‌ನ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ಬಲೆಗೆ ಬಡಿಯಿತು. ಬ್ಯಾಟ್ಸ್‌ಮನ್ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬೌಲರ್ ಅವನತ್ತ ಓಡಿದ.

"ಪೆಟ್ಟಾಯಿತೇ?"

"ಇಲ್ಲ. ಕಣ್ಣು ಮುಚ್ಚಿಕೊಂಡುಬಿಟ್ಟೆ" ಎಂದ ಬ್ಯಾಟ್ಸ್‌ಮನ್.  ಬೌಲರ್ ಅವನ ಪಕ್ಕದಲ್ಲೇ ಕೂತ. ಬಿಸಿಲು ಏರುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಆ ವರ್ಷ ಬೌಲರ್ ತಂಡಕ್ಕೆ ಮರಳಿದ. ಬ್ಯಾಟ್ಸ್‌ಮನ್ ಆಯ್ಕೆಗಾರರ ಬಳಿ ಹೋಗಿ, ನಾನು ಇನ್ನೂ ಸಿದ್ಧನಿಲ್ಲ, ನನ್ನ ಹೆಸರು ತೆಗೆಯಿರಿ ಎಂದ. ಪುಕ್ಕಲ ಎಂದು ಕೆಲವರು ಆಡಿಕೊಂಡರು. ಬೌಲರ್ ಊರಿನಲ್ಲಿದ್ದ ದಿನವೆಲ್ಲ ಇಬ್ಬರೂ ಬೆಳಿಗ್ಗೆ ನೆಟ್ಸ್‌ಗೆ ಹೋಗುತ್ತಿದ್ದರು. ಮುಂದಿನ ವರ್ಷ ಬ್ಯಾಟ್ಸ್‌ಮನ್ ಆಡಿದ. ಮೊದಲಿನಷ್ಟು ರನ್ನು ಬರಲಿಲ್ಲ. ಆದರೆ ಚೆಂಡು ಬ್ಯಾಟಿಗೆ ಬರುವವರೆಗೂ ನೋಡುತ್ತಿದ್ದ.

ಮೇಷ್ಟ್ರು ಕತೆ ನಿಲ್ಲಿಸಿದರು. ನಿರುಪಮಾ ಕೇಳಿದಳು.

"ಹಾಗಾದರೆ ಆ ಬೆಳಿಗ್ಗೆ ನೆಟ್ಸ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಪಾಸಾದವನು ಬೌಲರ್ ಒಬ್ಬನೇ. ಬ್ಯಾಟ್ಸ್‌ಮನ್ ಫೇಲಾದ. ಅಲ್ಲವೇ ಮೇಷ್ಟ್ರೇ?"

ಮೇಷ್ಟ್ರು ಅವಳತ್ತ ತಿರುಗಿದರು. ದನಿ ತಗ್ಗಿಸಿ ಕೇಳಿದರು.

"ಮೊಣಕಾಲಿನ ಆಪರೇಷನ್ ಆದಮೇಲೆ ನೀನು ಒಂದು ಸಲವೂ ಚೆಂಡು ಹಿಡಿಯಲು ಹಾರಿ ಬಿದ್ದಿಲ್ಲ, ಯಾಕೆ ಅಂತ ಯಾರ ಹತ್ತಿರವಾದರೂ ಹೇಳಿಕೊಂಡಿದ್ದೀಯೇನಮ್ಮ?"

ನಿರುಪಮಾ ಮೊಣಕಾಲಿನ ಮೇಲೆ ಕೈಯಿಟ್ಟು, ಇಲ್ಲವೆಂದು ತಲೆಯಾಡಿಸಿದಳು.