ರಾಣಿಯ ಮೈಗೆ ಬಂದ ಇಬ್ಬರು ಕಳ್ಳರು

"ಕೇಳಿರಪ್ಪೋ ಕೇಳಿರಿ! ಬಿಳಿಗಲ್ಲು ಕೋಟೆಯ ಒಡತಿ ಹೊನ್ನಲದೇವಿ ಮಹಾರಾಣಿಯವರ ಅಪ್ಪಣೆ. ರಾಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಪಡೆಯುತ್ತಾರೆ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ!"

ಡಂಗುರ ಊರೂರು ಸುತ್ತಿತು. ರಾಣಿಗೆ ಆಗ ಎಪ್ಪತ್ತು ವರ್ಷ. ಒಂದು ಕಾಲಕ್ಕೆ ಕುದುರೆಯ ಮೇಲೆ ಕೂತು ಗಡಿ ಕಾಯ್ದವಳು. ಈಗ ತನ್ನ ತಲೆಯನ್ನು ತಾನೇ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಎರಡು ವರ್ಷದಿಂದ ಆಸ್ಥಾನದ ವೈದ್ಯ ಗುಂಡಾಭಟ್ಟರನ್ನು ಕರೆದು ಕರೆದು ಸಾಕಾಗಿತ್ತು. ಅವರು ಬಾಗಿಲಲ್ಲೇ ನಿಂತು, "ವಯಸ್ಸಾಯಿತಲ್ಲ ತಾಯಿ, ಇದೆಲ್ಲ ಇದ್ದದ್ದೇ" ಎಂದು ಕೈಮುಗಿದು ಹೋಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ರಾಣಿಗೆ ಕೈಗೆ ಸಿಕ್ಕಿದ್ದನ್ನು ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಎಸೆಯಲೂ ಬೆರಳು ಮಡಚುತ್ತಿರಲಿಲ್ಲ.

ಡಂಗುರ ಕುರುಬರ ಹಟ್ಟಿಗೂ ಮುಟ್ಟಿತು. ಅಲ್ಲಿ ಮಾಳಿಂಗ ಎಂಬ ಕಂಬಳಿ ನೇಯುವ ಯುವಕನಿದ್ದ. ಅವನನ್ನು ಸಾಕಿದ ಅಜ್ಜಿ ಬಾಳವ್ವನ ಬೆರಳುಗಳೂ ಸೊಟ್ಟಗಾಗಿದ್ದವು. ಊರ ವೈದ್ಯನೂ "ಮುದುಕಿಗೆ ಇನ್ನೇನು ಆಗುತ್ತದೆ" ಎಂದು ಹಿಂದೆ ಕಳಿಸಿದ್ದ. ಮಾಳಿಂಗ ಬುತ್ತಿ ಕಟ್ಟಿದ.

"ನನ್ನ ಬೆರಳಿಗೆ ನಿನ್ನ ತಲೆ ಒತ್ತೆ ಇಡ್ತೀಯೇನೋ?" ಎಂದು ಬಾಳವ್ವ ಬೈದಳು.

"ಗೆದ್ದರೆ ಅರಮನೆಯ ವೈದ್ಯರು ನಿನ್ನ ಕೈ ಮುಟ್ಟಿ ನೋಡ್ತಾರವ್ವ. ಕೇಳಿ ಕೇಳಿ ನನಗೂ ಸಾಕಾಗಿದೆ" ಎಂದು ಅವನು ಹೊರಟ.

ಸಭೆ ತುಂಬಿತ್ತು. ಮೊದಲು ಒಬ್ಬ ಪಂಡಿತ ಎದ್ದ. ರಾಣಿ ಕೇಳಿದಳು: "ಎಲ್ಲರ ಮೈಯಲ್ಲೂ ಇದೆ. ಕೂಡಿಟ್ಟರೆ ಕರಗುತ್ತದೆ, ಖರ್ಚು ಮಾಡಿದರೆ ಉಳಿಯುತ್ತದೆ. ಏನದು?"

"ವಿದ್ಯೆ!" ಎಂದ ಪಂಡಿತ, ನಗುತ್ತಾ.

"ವಿದ್ಯೆ ಎಲ್ಲರ ಮೈಯಲ್ಲಿ ಎಲ್ಲಿದೆ? ನಿನ್ನಲ್ಲೇ ಇಲ್ಲ" ಎಂದಳು ರಾಣಿ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಆಮೇಲೆ ಎದ್ದ ನೆರೆರಾಜ್ಯದ ರಾಜಕುಮಾರ ಗರಡಿಯಲ್ಲಿ ಬೆಳೆದವನು. "ಕಸುವು" ಎಂದು ಥಟ್ಟನೆ ಹೇಳಿದ. ಉತ್ತರ ಸರಿಯಾಗಿತ್ತು. ರಾಣಿ ಎರಡನೆಯದು ಕೇಳಿದಳು: "ಬಿಳಿಯ ಕಂಬ. ಒಳಗೊಳಗೇ ಟೊಳ್ಳಾಗುತ್ತದೆ. ಸದ್ದಿಲ್ಲ, ನೋವಿಲ್ಲ. ಮುರಿದ ದಿನವೇ ಮನೆಯವರಿಗೆ ತಿಳಿಯುವುದು. ಏನದು?"

"ಒಳಸಂಚು ತುಂಬಿದ ರಾಜ್ಯ!"

"ನಾನು ರಾಜ್ಯದ ಮಾತಾಡುತ್ತಿಲ್ಲ" ಎಂದು ರಾಣಿ ಮುಖ ತಿರುಗಿಸಿದಳು. ರಾಜಕುಮಾರನೂ ಸೆರೆಮನೆ ಸೇರಿದ. ಹುಣ್ಣಿಮೆಗೆ ಇಬ್ಬರ ತಲೆ ಹಾರುವುದೆಂದು ಸಾರಿದರು. ಆಮೇಲೆ ಯಾರೂ ಏಳಲಿಲ್ಲ.

ಮಾಳಿಂಗ ಎದ್ದಾಗ ಸಭೆಯಲ್ಲಿ ನಗು ಎದ್ದಿತು.

"ಮೊದಲನೆಯದನ್ನು ನೀನೂ ಕೇಳಿಸಿಕೊಂಡೆ. ಕಸುವು ಹೇಗೆ ಎಂದು ಬಿಡಿಸಿ ಹೇಳು" ಎಂದಳು ರಾಣಿ.

"ನನ್ನ ಅಜ್ಜಿ ಬಿದ್ದು ಒಂದು ತಿಂಗಳು ಮಲಗಿದ್ದಳು ತಾಯಿ. ದಣಿಯಬಾರದೆಂದು ನಾವೇ ಮಲಗಿಸಿದ್ದೆವು. ಎದ್ದಾಗ ತೊಡೆ ಬಡಕಲಾಗಿತ್ತು. ಮುಪ್ಪಿನಲ್ಲಿ ಕಸುವು ಬೇಗ ಇಳಿಯುತ್ತದೆ, ಸುಮ್ಮನೆ ಕೂತರೆ ಇನ್ನೂ ಬೇಗ. ಎರಡನೆಯ ಒಗಟಿನ ಉತ್ತರ ಮುದಿಮೂಳೆ. ಅವಳು ಬಿದ್ದದ್ದು ಹೊಸ್ತಿಲು ಎಡವಿ, ಅಷ್ಟೇ. ಅಷ್ಟಕ್ಕೇ ಮುಂಗೈ ಮುರಿಯಿತು. ಅಲ್ಲಿಯವರೆಗೆ ಮೂಳೆ ಸವೆದದ್ದು ಯಾರಿಗೂ ಗೊತ್ತಿರಲಿಲ್ಲ."

ನಗು ನಿಂತಿತು. ರಾಣಿ ಸಿಂಹಾಸನದಲ್ಲಿ ಸ್ವಲ್ಪ ಮುಂದೆ ಬಾಗಿದಳು.

"ಮೂರನೆಯದು. ಒಂದೇ ಮನೆಗೆ ಇಬ್ಬರು ಕಳ್ಳರು ಬಂದರು. ಇಬ್ಬರದೂ ಒಂದೇ ವೇಷ. ಮೊದಲನೆಯವನು ಎಲ್ಲರ ಮನೆಗೂ ಬರುವವನು, ಮೆಲ್ಲಗೆ ಕದಿಯುವವನು. ಎರಡನೆಯವನು ಕೆಲವರ ಮನೆಗೆ ಮಾತ್ರ ಬರುತ್ತಾನೆ. ಬಂದಲ್ಲೆಲ್ಲ ಬೆಂಕಿ ಹಚ್ಚುತ್ತಾನೆ. ಅವನನ್ನು ತಡೆಯಬಹುದಿತ್ತು. ಆದರೆ ಕಾವಲುಗಾರ ಇಬ್ಬರೂ ಒಬ್ಬನೇ ಎಂದು ನಿದ್ದೆ ಹೋದ. ಕಳ್ಳರು ಯಾರು? ಕಾವಲುಗಾರ ಯಾರು?"

ಮಾಳಿಂಗ ಹಿಂಜರಿದ. ಉತ್ತರ ಅವನಿಗೆ ಗೊತ್ತಿತ್ತು. ಹೇಳಿದರೆ ರಾಣಿಯ ಬಲಕ್ಕೆ ಕೂತ ಗುಂಡಾಭಟ್ಟರು ಸುಮ್ಮನಿರುವುದಿಲ್ಲ ಎಂಬುದೂ ಗೊತ್ತಿತ್ತು.

"ಕಂಬಳಿಯವನ ಬಾಯಿ ಕಟ್ಟಿತು" ಎಂದರು ಗುಂಡಾಭಟ್ಟರು.

ಮಾಳಿಂಗ ಅವರ ಕಡೆಗೇ ತಿರುಗಿದ. "ಮೊದಲ ಕಳ್ಳ ಮುಪ್ಪು, ಎರಡನೆಯವನು ರೋಗ. ಕಾವಲುಗಾರ ವೈದ್ಯ!" ಎಂದ.

"ಸೊಕ್ಕು!" ಭಟ್ಟರು ಎದ್ದು ನಿಂತರು. "ಮಹಾರಾಣಿಯವರೇ, ಇವನ ತಲೆ ತೆಗೆಸಿ. ಮುದುಕರ ಕೀಲು ನೋಯುವುದು ರೋಗವೇ?"

"ಪಕ್ಕದ ಮನೆಯ ಅಜ್ಜನ ಮಂಡಿಯೂ ನೋಯುತ್ತದೆ ಸ್ವಾಮಿ" ಎಂದ ಮಾಳಿಂಗ. "ಬೆಳಿಗ್ಗೆ ಎದ್ದು ಹತ್ತು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ. ನನ್ನ ಅಜ್ಜಿಗೆ ಹಾಗಲ್ಲ. ಬಿಸಿಲು ನೆತ್ತಿಗೆ ಬಂದರೂ ಬೆರಳು ಮಡಚುವುದಿಲ್ಲ. ಎರಡೂ ಕೈಯ ಗೆಣ್ಣು ಒಂದೇ ಥರ ಊದಿ, ಮುಟ್ಟಿದರೆ ಸುಡುತ್ತವೆ. ಮುಪ್ಪು ಸುಡುತ್ತದೆಯೇ? ನಾವು ಕೂಗಿ ಕೂಗಿ ಹೇಳಿದೆವು. ಯಾರೂ ಮುಟ್ಟಿ ನೋಡಲಿಲ್ಲ. ಕಾಯುತ್ತ ಕಾಯುತ್ತ ಬೆರಳು ಸೊಟ್ಟಗಾಯಿತು."

ರಾಣಿ ಶಾಲು ಸರಿಸಿ ತನ್ನ ಎರಡೂ ಕೈ ಮುಂದೆ ಚಾಚಿದಳು. ಗೆಣ್ಣುಗಳು ಕೆಂಪಗೆ ಊದಿದ್ದವು. "ಭಟ್ಟರೇ, ಮುಟ್ಟಿ."

ಭಟ್ಟರು ಮುಟ್ಟಿದರು. ಅವರ ಮುಖ ಇಳಿಯಿತು. "ಸಂಧಿವಾತ, ಮುಪ್ಪಿನ ಕೀಲುನೋವು ಎಂದುಕೊಂಡಿದ್ದೆ ತಾಯಿ. ಇದು ಆಮವಾತ, ಕೀಲು ಊದಿ ಸುಡುವ ರೋಗ. ಓಲೆಗರಿಯಲ್ಲಿ ಎರಡೂ ಬೇರೆ ಬೇರೆಯೇ ಇವೆ. ಓದಿದ್ದೆ."

"ಓದಿದ್ದಿರಿ! ಎರಡು ವರ್ಷ!" ರಾಣಿ ಕಣ್ಣು ತುಂಬಿ ಮಾಳಿಂಗನ ಕಡೆ ತಿರುಗಿದಳು. "ಉತ್ತರ ನನಗೆ ಗೊತ್ತಿತ್ತು ಮಗು. ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು. ಏನು ಬೇಕು, ಬೇಡು."

"ನನ್ನ ಅಜ್ಜಿಯ ಕೈಯನ್ನೂ ಇವರು ನೋಡಲಿ. ಸೆರೆಯಲ್ಲಿರುವ ಇಬ್ಬರ ತಲೆಯೂ ಉಳಿಯಲಿ. ಅವರೂ ನಾಳೆ ಮುದುಕರಾಗುವವರೇ."

ರಾಣಿ ಒಪ್ಪಿದಳು. ಪಂಡಿತನೂ ರಾಜಕುಮಾರನೂ ಒಂದು ವರ್ಷ ಛತ್ರದಲ್ಲಿ ಹಣ್ಣು ಮುದುಕರನ್ನು ಎಬ್ಬಿಸಿ ನಡೆಸಬೇಕೆಂದು ಕಟ್ಟುಮಾಡಿದಳು. ಮುಟ್ಟಿ ನೋಡದೆ "ವಯಸ್ಸಾಯಿತು" ಎಂದ ಭಟ್ಟರಿಗೆ ದಂಡ ಹಾಕಿದಳು. ಮಾಳಿಂಗನಿಗೆ ಬೇಡದೆಯೇ ಒಂದು ಊರು ಉಂಬಳಿ ಕೊಟ್ಟಳು.

ಬಾಳವ್ವ ಪಲ್ಲಕ್ಕಿಯಲ್ಲಿ ಬಂದಳು. ಮೂರು ತಿಂಗಳ ಮದ್ದಿನಲ್ಲಿ ರಾಣಿಯ ಊತ ಇಳಿದು ಬಾಚಣಿಗೆ ಹಿಡಿಯುವಂತಾಯಿತು. ಬಾಳವ್ವನ ಕೈಯ ಉರಿ ಹೋಯಿತು, ಬೆರಳು ಮಾತ್ರ ನೆಟ್ಟಗಾಗಲಿಲ್ಲ. ತಡವಾಯಿತು ಎಂದು ಭಟ್ಟರು ತಲೆ ತಗ್ಗಿಸಿದರು. ಬಾಳವ್ವ ಅವರನ್ನು ಮನಸಾರೆ ಬೈದಳು, ಕೊನೆಯವರೆಗೂ ಬೈಯುವುದನ್ನು ಬಿಡಲಿಲ್ಲ. ಭಟ್ಟರು ದಿನಾ ಬಂದು ಅವಳ ಕೈ ಹಿಡಿದು ನೋಡಿ ಹೋಗುತ್ತಿದ್ದರು.