ಜಗಲಿ ಮುಚ್ಚಿದ ಛತ್ರ

"ಹಳೆಯ ಅನ್ನಛತ್ರವನ್ನು ಪೂರ್ತಿ ದುರಸ್ತಿ ಮಾಡಿ ಕಚೇರಿಯಾಗಿಸಬೇಕು. ರಾಣಿಯವರ ಮೂರು ಒಗಟು ಬಿಡಿಸಿದವರಿಗೆ ಕೆಲಸ, ತಪ್ಪಿದವರಿಗೆ ತಲೆದಂಡ" ಎಂದು ಪೇಟೆಯಲ್ಲಿ ಡಂಗುರವಾಯಿತು.

ಹೋದ ವರ್ಷ ಅರ್ಧ ಛತ್ರವನ್ನು ಕಚೇರಿಗೆ ಹೊಂದಿಸಿಕೊಟ್ಟವನು ನಾನೇ, ಮರದ ವ್ಯಾಪಾರಿ ಗುರುಶಾಂತ ಶೆಟ್ಟಿ. ಉಳಿದರ್ಧವೂ ಕೈತಪ್ಪಬಾರದೆಂದು ಇಬ್ಬರು ಪಾಲುದಾರರನ್ನು ಕಟ್ಟಿಕೊಂಡು ಹೋದೆ. ಒಬ್ಬೊಬ್ಬರಿಗೆ ಒಂದೊಂದು ಒಗಟು ಎಂದು ಹಂಚಿಕೊಂಡಿದ್ದೆವು.

ರಾಣಿ ಕೇಳಿದಳು: "ಹೊರಗೆ ಮಿರಮಿರ ಮಿಂಚುತ್ತದೆ, ಒಳಗೆ ನೆನೆದು ಕೊಳೆಯುತ್ತದೆ. ಏನದು?"

"ಕೆಟ್ಟ ಉಪ್ಪಿನಕಾಯಿಯ ಜಾಡಿ, ತಾಯಿ" ಎಂದ ಎಣ್ಣೆ ಮಂಡಿಯ ಬಸಲಿಂಗ.

"ಅಲ್ಲ. ಎರಡನೆಯದು ಕೇಳಿ: ಎಲ್ಲರೂ ಬೀಳಲು ಹೊರಟವರೇ. ಒಬ್ಬರಿಗೊಬ್ಬರು ಒರಗಿರುವುದರಿಂದ ಯಾರೂ ಬೀಳುವುದಿಲ್ಲ. ಯಾರವರು?"

"ಹೆಂಡದಂಗಡಿಯಿಂದ ಹೊರಟವರು" ಎಂದ ಕಬ್ಬಿಣದ ಅಂಗಡಿಯ ತಿಪ್ಪಣ್ಣ. ಸಭೆ ನಕ್ಕಿತು. ರಾಣಿ ನಗಲಿಲ್ಲ.

"ಮೂರನೆಯದು: ಮನೆ ಇರುವುದು ಅವರಿಗಾಗಿ. ದಿನವೂ ಬರುತ್ತಾರೆ. ಕೂರಲು ಜಾಗವಿಲ್ಲ. ಯಾರವರು?"

"ಗುಮಾಸ್ತರು" ಎಂದೆ ನಾನು. "ಅದಕ್ಕೇ ಜಗಲಿಗೆ ಗೋಡೆ ಎಬ್ಬಿಸಿ ನಾಲ್ಕು ಕೋಣೆ ಮಾಡಿಸಿದೆ. ಇನ್ನೂ ಎಂಟು ಮಾಡಿಸುತ್ತೇನೆ."

ಕತ್ತಿಯವನು ಬಂದು ನಮ್ಮ ಮೂವರ ಹಿಂದೆ ನಿಂತ.

ಆಗ ಗಾರೆ ಅರೆಯುವ ಚೌಡವ್ವ ಮುಂದೆ ಬಂದಳು. ಮೊಣಕೈವರೆಗೂ ಸುಣ್ಣ. ಹೋದ ವರ್ಷ ಗೋಡೆಗೆ ಅರಗಿನ ಮೆರುಗು ಬೇಡವೆಂದು ಆಕೆ ಹೇಳಿದಾಗ, "ನಿನ್ನ ಕೆಲಸ ನೋಡ್ಕೋ" ಎಂದಿದ್ದೆ.

"ಮೊದಲನೇದು ಛತ್ರದ ಗೋಡೆ, ತಾಯಿ. ಸುಣ್ಣದ ಗೋಡೆ ನೆಲದಿಂದ ತೇವ ಎಳೀತದೆ, ಗಾಳಿಗೆ ಬಿಡ್ತದೆ. ಶೆಟ್ಟರು ಮಿಂಚಲಿ ಅಂತ ಅರಗು ಬಳಿಸಿದ್ರು. ತೇವ ಒಳಗೇ ಉಳೀತು. ಎರಡನೇದು ಬಾಗಿಲ ಕಮಾನಿನ ಕಲ್ಲುಗಳು. ಒಂದನ್ನ ಕಿತ್ತರೆ ಎಲ್ಲಾ ಬೀಳ್ತವೆ."

"ಮೂರನೆಯದು?"

"ನಾವು. ಅರ್ಜಿ ಹಿಡ್ಕೊಂಡು ಬರೋರು. ಮೊದಲು ಛತ್ರ ಇದ್ದಾಗ ಜಗಲಿ ಮೇಲೆ ಕೂರ್ತಿದ್ವಿ. ಈಗ ಬಸುರಿಯರೂ ಬಿಸಿಲಲ್ಲೇ ನಿಂತಿರ್ತಾರೆ."

ಗುಮಾಸ್ತರೆಂದು ಹೇಳಿದ್ದ ನಾನು ತಲೆ ತಗ್ಗಿಸಿದೆ. ಕತ್ತಿಯ ಭಯ ಅದರಲ್ಲಿ ಅರ್ಧಪಾಲು ಮಾತ್ರ.

ರಾಣಿ ಕೆಲಸವನ್ನು ಅವಳಿಗೆ ವಹಿಸಿ, "ಇನ್ನೇನು ಬೇಕು, ಕೇಳು" ಎಂದಳು.

"ಈ ಮೂವರನ್ನ ಕೊಡಿ. ಗೋಡೆ ಕೆಡವೋಕೆ ಆಳು ಬೇಕು. ತಲೆ ಹೋದ್ರೆ ಕೈ ಕೆಲಸಕ್ಕೆ ಬರಲ್ಲ."

ಮರುದಿನ ಅರ್ಜಿದಾರರ ಎದುರಿಗೇ, ನಾನು ಕಟ್ಟಿಸಿದ ಗೋಡೆಯ ಇಟ್ಟಿಗೆಗಳನ್ನು ಹೊತ್ತೆ. ಮಧ್ಯಾಹ್ನದ ಹೊತ್ತಿಗೆ ಜಗಲಿಯ ಒಂದು ಮೂಲೆ ತೆರೆಯಿತು. ಒಬ್ಬ ಮುದುಕಿ ಅಲ್ಲಿ ಕೂತು, ಪಕ್ಕದ ಧೂಳನ್ನು ಸೆರಗಿನಿಂದ ಒರೆಸಿ, "ನೀನೂ ಕೂತ್ಕೋಪ್ಪಾ, ದಣಿದಿದೀಯ" ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಕೂರಲು ನನ್ನಿಂದಾಗಲಿಲ್ಲ.